ರೋಗ ತಡೆಯುವ ಬೀಜವೂ ಒಬ್ಬ ವಿಜ್ಞಾನಿಯ ಪರಿಶ್ರಮವೂ

ಪೈರಿಗೆ ತಗಲುವ ರೋಗಗಳಲ್ಲಿ ಔಷಧಕ್ಕೆ ಬಗ್ಗುವವು ಕೆಲವು, ಬಗ್ಗದವು ಕೆಲವು. ಬಗ್ಗದ ರೋಗಕ್ಕೆ ವರ್ಷವರ್ಷವೂ ಔಷಧ ಸಿಂಪಡಿಸುತ್ತಲೇ ಹೋಗುವುದು ಸೋರುವ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ. ಅಂಥ ರೋಗಗಳಿಗೆ ಪರಿಹಾರವನ್ನು ಬೀಜದಲ್ಲಿಯೇ ಹುಡುಕಬೇಕಾಗುತ್ತದೆ. ಸಿಂಧನೂರು ಸೀಮೆಯ ಬತ್ತಕ್ಕೆ ಬರುವ ದುಂಡಾಣು ಅಂಗಮಾರಿ ರೋಗವು ಈ ಎರಡನೆಯ ಬಗೆಗೆ ಸೇರಿದುದು. ಇದನ್ನು ತಡೆಯಬಲ್ಲ ಬೀಜವು 2008ನೆಯ ಇಸವಿಯಲ್ಲಿಯೇ ಬಿಡುಗಡೆಯಾಗಿದ್ದರೂ ಅದರ ಹೆಸರನ್ನು ಸಹ ಕೇಳದ ಬೆಳೆಗಾರರು ಇನ್ನೂ ಇದ್ದಾರೆ. ಆ ಬೀಜವು ಹೇಗೆ ಹುಟ್ಟಿತು, ಅದರ ಹಿಂದೆ ಎಂಥ ವಿದ್ಯೆಯಿದೆ, ಅದನ್ನು ಊರಿಗೆ ತರುವಲ್ಲಿ ಗ್ರಾಮದ ಹಿರಿಯರೂ ಜಮೀನುದಾರರೂ ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ತುಂಗಭದ್ರಾ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆಯನ್ನು ಯೋಜಿಸಿದವರು ಸ್ವಲ್ಪ ನೀರಿನಿಂದ ಹೆಚ್ಚು ಭೂಮಿಗೆ ಆಸರೆಯಾಗಲೆಂದು ಜೋಳ, ಹತ್ತಿ, ಶೇಂಗಾ ಮುಂತಾದ ಬೆಳೆಗಳನ್ನೇ ಮುಖ್ಯವಾಗಿ ಎಣಿಸಿದ್ದರು. ಆದರೆ ನೀರು ಬಂದ ಮೇಲೆ ಸಿಂಧನೂರಿನ ಎರೆಭೂಮಿಯಲ್ಲಿ ನೆಲ್ಲೇ ಪ್ರಧಾನವಾಯಿತು. ಮಸ್ಕಿಯ ಕಡೆ ಕಾಲುವೆಯ ನೆಲವೂ ಮಳೆಯ ನೆಲವೂ ಕೂಡಿಕೊಂಡಿವೆ. ಲಿಂಗಸುಗೂರಿನಲ್ಲಿ ನಾರಾಯಣಪುರದ ಬಲದಂಡೆ ಕಾಲುವೆ ಮುಟ್ಟಿದ ಊರುಗಳನ್ನು ಬಿಟ್ಟರೆ ತೊಗರಿ, ಸಜ್ಜೆ, ಜೋಳ, ಹತ್ತಿಗಳೇ ರೈತನ ಜೀವನಾಧಾರ. ಒಂದೇ ಬೆಳೆಯು, ಅದರಲ್ಲಿಯೂ ಒಂದೇ ತಳಿಯು, ಒಂದಕ್ಕೊಂದು ಹೊಂದಿಕೊಂಡ ಸಾವಿರಾರು ಎಕರೆಯಲ್ಲಿ ನಿಂತಾಗ ಅದಕ್ಕೆ ಒಗ್ಗಿದ ರೋಗಾಣುವಿಗೆ ಹಬ್ಬವಾಗುವುದು ಸಹಜ. ಸಿಂಧನೂರಿನ ಬಯಲಿನಲ್ಲಿ ಆಗಿರುವುದೂ ಅದೇ.

ಆ ತಳಿಯು ಬಿ.ಪಿ.ಟಿ. 5204. ಶಾಸ್ತ್ರೀಯವಾಗಿ ಇದಕ್ಕೆ ಸಾಂಬಾ ಮಸೂರಿ ಎಂದು ಹೆಸರು. ಈ ಭಾಗದ ಮಾರುಕಟ್ಟೆಯಲ್ಲಿ ಇದನ್ನು ಸೋನಾ ಮಸೂರಿ ಎಂದೇ ಕರೆಯುವವರು ಬಹಳ. ಆಂಧ್ರದ ಬಾಪಟ್ಲಾ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಬಿಡುಗಡೆಯಾದ ಈ ತಳಿಯ ರಕ್ತದಲ್ಲಿ ಮೂರು ದೇಶಗಳ ಸಂಬಂಧವುಂಟು: ಕೊಯಮತ್ತೂರಿನ ಜಿ.ಇ.ಬಿ. 24, ತೈವಾನಿನ ಕುಳ್ಳ ತಳಿಯಾದ ತೈಚುಂಗ್ ನೇಟಿವ್ 1, ಮಲಯ ದೇಶದಿಂದ ಬಂದ ಮಸೂರಿ. ಸಣ್ಣ ಕಾಳು, ಬಿಡಿಬಿಡಿಯಾದ ಅನ್ನ, ಒಳ್ಳೆಯ ಬೆಲೆ ಇವು ಮೂರೂ ಕೂಡಿರುವುದರಿಂದ ಆರ್.ಎನ್.ಆರ್. 15048 ಮುಂತಾದ ಹೊಸ ತಳಿಗಳು ಬಂದ ಮೇಲೂ ರೈತನಿಗೆ ಇದರ ಮೇಲಿನ ಮಮತೆ ಹೋಗಿಲ್ಲ. ಆದರೆ ಇದರ ಗುಣಗಳ ನಡುವೆ ಒಂದು ದೊಡ್ಡ ದೋಷವಿದೆ. ದುಂಡಾಣು ಅಂಗಮಾರಿಯನ್ನು ತಡೆಯುವ ಶಕ್ತಿ ಇದಕ್ಕೆ ಇಲ್ಲ.

ರೋಗದ ಗುರುತುಗಳನ್ನು ಅನುಭವಿಗಳು ಬಲ್ಲರು. ಎಲೆಯ ತುದಿಯಿಂದಲೋ ಅಂಚಿನಿಂದಲೋ ಹಳದಿಯ ಗೆರೆ ಅಲೆಅಲೆಯಾಗಿ ಕೆಳಗಿಳಿದು, ಎಲೆ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ನಾಟಿಯಾದ ಎಳೆಯ ಸಸಿಗೆ ತಗಲಿದರೆ ಸಸಿಯೇ ಸುರುಳಿಕೊಂಡು ಸಾಯುತ್ತದೆ. ತೆನೆ ಹೊರಡುವ ಕಾಲದಲ್ಲಿ ಬಂದರೆ ಕಾಳು ಜೊಳ್ಳಾಗುತ್ತದೆ. ತೀವ್ರವಾಗಿ ಬಂದ ಕಡೆ ಅರ್ಧದಷ್ಟು ಫಲವೂ ನಷ್ಟವಾಗಬಹುದು. ಇದನ್ನು ನೀರಿನ ಕೊರತೆಯಿಂದ ಒಣಗಿದ ಎಲೆಯೆಂದು ತಪ್ಪು ತಿಳಿಯುವುದುಂಟು. ಆದುದರಿಂದ ಸಂಶಯ ಬಂದಾಗ ರೋಗವಿರುವ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡತಕ್ಕದ್ದು. ತುದಿಯಿಂದ ಹಾಲಿನಂಥ ಬಿಳಿಯ ಎಳೆ ನೀರಿಗೆ ಇಳಿದರೆ ಅದು ದುಂಡಾಣುವಿನ ರೋಗವೆಂದು ನಿಶ್ಚಯಿಸಬಹುದು. ಆ ಬಿಳಿಯ ಎಳೆಯೆಂದರೆ ಲಕ್ಷಾಂತರ ದುಂಡಾಣುಗಳ ಹಿಂಡೇ ಹೊರತು ಬೇರೆಯಲ್ಲ.

ಈ ದುಂಡಾಣುವಿಗೆ ಶಾಸ್ತ್ರಜ್ಞರು ಕ್ಸಾಂಥೋಮೊನಾಸ್ ಒರೈಝೇ ಎಂದು ಹೆಸರಿಟ್ಟಿದ್ದಾರೆ. ಬೆಳಗಿನ ಹೊತ್ತು ಬತ್ತದ ಎಲೆಯ ಅಂಚಿನಲ್ಲಿ ಮುತ್ತಿನಂತೆ ನೀರಹನಿ ಕಾಣುವುದಷ್ಟೆ. ಆ ಹನಿ ಹೊರಡುವ ಸಣ್ಣ ರಂಧ್ರಗಳ ಮೂಲಕವೂ, ಗಾಯಗಳ ಮೂಲಕವೂ ಇದು ಎಲೆಯನ್ನು ಹೊಕ್ಕು, ನೀರು ಹರಿಯುವ ನಾಳಗಳಲ್ಲಿ ಮನೆಮಾಡುತ್ತದೆ. ಹೊರಗಿನಿಂದ ಸಿಂಪಡಿಸಿದ ಔಷಧವು ಆ ನಾಳದ ಒಳಗೆ ಸಾಕಷ್ಟು ಮುಟ್ಟದು. ತಾಮ್ರದ ಔಷಧಕ್ಕೆ ಸ್ಟ್ರೆಪ್ಟೊಮೈಸಿನ್ ಬೆರೆಸಿ ಹೊಡೆಯುವ ರೂಢಿಯಿಂದ ಖರ್ಚು ಬೆಳೆದಷ್ಟು ಗುಣ ಬೆಳೆಯದಿರುವುದಕ್ಕೆ ಇದೇ ಕಾರಣ. ಅದೂ ಅಲ್ಲದೆ ಸ್ಟ್ರೆಪ್ಟೊಮೈಸಿನ್ ಕ್ಷಯರೋಗದ ಚಿಕಿತ್ಸೆಯಲ್ಲಿ ಮನುಷ್ಯರಿಗೆ ಕೊಡುವ ಔಷಧ. ಹೊಲದಲ್ಲಿ ಅದನ್ನು ಸುರಿಯುತ್ತ ಹೋದರೆ ಅದಕ್ಕೆ ಹೆದರದ ರೋಗಾಣುಗಳು ಬೆಳೆದು ಮನುಷ್ಯರ ಚಿಕಿತ್ಸೆಯೇ ಕೆಡುವ ಭಯವಿದೆ. ಈ ಕಾರಣದಿಂದಲೇ ಕೇಂದ್ರ ಸರ್ಕಾರವು ಪೈರುಗಳ ಮೇಲೆ ಇದರ ಬಳಕೆಯನ್ನು ನಿಲ್ಲಿಸುವ ಕರಡು ಆಜ್ಞೆಯನ್ನು 2021ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಹೀಗಿರುವಲ್ಲಿ ಪರಿಹಾರವು ಬಂದದ್ದು ಒಂದು ಅನಿರೀಕ್ಷಿತವಾದ ದಾರಿಯಿಂದ. ಡಾಕ್ಟರ್ ರಮೇಶ್ ವೆಂಕಟ ಸೊಂಟಿ ಅವರು ಮೊದಲು ಬತ್ತದ ಶಾಸ್ತ್ರಜ್ಞರಾಗಿರಲಿಲ್ಲ. ಅವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಜಾನ್ ರಾತ್ ಎಂಬ ವಿದ್ವಾಂಸರ ಬಳಿ ವ್ಯಾಸಂಗ ಮಾಡಿದುದು ಸಾಲ್ಮೊನೆಲ್ಲಾ ಎಂಬ ದುಂಡಾಣುವಿನ ವಂಶವಾಹಿಗಳನ್ನು ಕುರಿತು. ವಂಶವಾಹಿಯೆಂದರೆ ತಂದೆತಾಯಿಗಳಿಂದ ಮಕ್ಕಳಿಗೆ ಗುಣವನ್ನು ಸಾಗಿಸುವ ಅಂಶ, ಅದು ಡಿ.ಎನ್.ಎ. ಎಂಬ ದ್ರವ್ಯದಲ್ಲಿ ಬರೆದ ಬರಹದಂತೆ ಇರುತ್ತದೆ. ಆಹಾರವು ಬಹಳ ಕಡಿಮೆಯಿರುವಲ್ಲಿ ಸಾಲ್ಮೊನೆಲ್ಲಾ ಹೇಗೆ ಬದುಕುತ್ತದೆಂದು ಅವರು ಪರೀಕ್ಷಿಸಿದರು. ಆ ಬರಹದ ಒಂದು ಭಾಗವು ಇಮ್ಮಡಿಯಾದ ದುಂಡಾಣುಗಳು ಉಳಿದವುಗಳಿಗಿಂತ ಹೆಚ್ಚು ಆಹಾರವನ್ನು ಹೀರಿಕೊಂಡು ಮುಂದೆ ಬರುತ್ತವೆಂದು ಕಂಡುಬಂದಿತು. 1989ರಲ್ಲಿ ಈ ಶೋಧವು ಪ್ರಕಟವಾಯಿತು.

ಇದರಿಂದ ರೈತನಿಗೇನು ಬಂತು ಎಂದು ಕೇಳುವವರಿರಬಹುದು. ಆ ಕಾಲದಲ್ಲಿ ಏನೂ ಬರಲಿಲ್ಲವೆಂಬುದು ನಿಜ. ಆದರೆ ದುಂಡಾಣುವು ಇದ್ದಂತೆಯೇ ಇರುವ ಜೀವವಲ್ಲ, ಇಕ್ಕಟ್ಟು ಬಂದಾಗ ತನ್ನ ವಂಶವನ್ನೇ ಬದಲಿಸಿಕೊಂಡು ದಾರಿ ಹುಡುಕುತ್ತದೆ ಎಂಬ ಪಾಠವು ಇಂಥ ಕೆಲಸದಿಂದಲೇ ದೃಢಪಡುವುದು. ಬತ್ತಕ್ಕೆ ಒಂದೇ ಒಂದು ರಕ್ಷಣೆಯನ್ನು ಕೊಟ್ಟು ನಿಶ್ಚಿಂತರಾಗಬಾರದೆಂಬ ವಿವೇಕಕ್ಕೆ ಇದೇ ಬುನಾದಿ.

ಅನಂತರ ಡಾಕ್ಟರ್ ಸೊಂಟಿಯವರು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಸ್ಯಗಳ ಕಡೆಗೆ ತಿರುಗಿದರು. ಅರಾಬಿಡಾಪ್ಸಿಸ್ ಎಂಬುದು ಸಾಸಿವೆಯ ಕುಲದ ಒಂದು ಸಣ್ಣ ಕಳೆ. ಯಾವ ಕಣಕ್ಕೂ ಬಾರದ ಗಿಡ. ಅಗ್ರೊಬ್ಯಾಕ್ಟೀರಿಯಂ ಎಂಬ ದುಂಡಾಣುವು ತನ್ನ ಡಿ.ಎನ್.ಎ. ತುಣುಕನ್ನು ಗಿಡದ ಡಿ.ಎನ್.ಎ. ಒಳಗೆ ಸೇರಿಸಿಬಿಡುತ್ತದೆ. ಹಾಗೆ ಸೇರಿಸಲು ಅವಕಾಶ ಕೊಡದ ಅರಾಬಿಡಾಪ್ಸಿಸ್ ಗಿಡಗಳನ್ನು ಅವರೂ ಅವರ ಸಂಗಡಿಗರೂ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು. ದುಂಡಾಣುವಿನ ವಿದ್ಯೆಯೂ ಸಸ್ಯದ ವಿದ್ಯೆಯೂ ಹೀಗೆ ಒಬ್ಬರ ಕೈಯಲ್ಲಿ ಕೂಡಿದವು. ಇದೇ ಅರಾಬಿಡಾಪ್ಸಿಸ್ ಗಿಡದ ಜೀನೋಮು, ಎಂದರೆ ವಂಶವಾಹಿಗಳ ಬರಹವೆಲ್ಲ, 2000ದಲ್ಲಿ ಸಸ್ಯಗಳಲ್ಲಿ ಮೊಟ್ಟಮೊದಲಿಗೆ ಓದಲ್ಪಟ್ಟಿತು. ಬತ್ತದ ಜೀನೋಮು 2005ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. ಅನೇಕ ದೇಶಗಳು ಹಂಚಿಕೊಂಡು ಮಾಡಿದ ಆ ಕೆಲಸದಲ್ಲಿ 11ನೆಯ ವರ್ಣತಂತುವಿನ ಒಂದು ಪಾಲು ಭಾರತದ್ದಾಗಿತ್ತು.

ಸ್ವದೇಶಕ್ಕೆ ಮರಳಿ ಅವರು ಸೇರಿದುದು ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರವನ್ನು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ರಾಯಚೂರು ಜಿಲ್ಲೆಯು ಹೈದರಾಬಾದ್ ಸಂಸ್ಥಾನಕ್ಕೂ ಆ ಬಳಿಕ ಅದೇ ಹೆಸರಿನ ರಾಜ್ಯಕ್ಕೂ ಸೇರಿದ್ದಿತು. ಸಿಂಧನೂರಿನವರಿಗೆ ಆ ನಗರವು ದೂರವಾದುದಲ್ಲ. ಅಲ್ಲಿ ಅವರು ಬತ್ತದ ಅಂಗಮಾರಿಯ ದುಂಡಾಣುವನ್ನೇ ಸಂಶೋಧನೆಯ ವಿಷಯವನ್ನಾಗಿ ಮಾಡಿಕೊಂಡರು. ದೇಶದ ನಾನಾ ಕಡೆಗಳಿಂದ ರೋಗಾಣುಗಳನ್ನು ತರಿಸಿ, ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವಂತೆ ಡಿ.ಎನ್.ಎ. ಗುರುತಿನಿಂದ ಅವುಗಳ ವಂಶಗಳನ್ನು ವಿಂಗಡಿಸಿದರು. 1997ರಲ್ಲಿ ಪ್ರಕಟವಾದ ಆ ಕೆಲಸದಿಂದ ಭಾರತದ ರೋಗಾಣುಗಳಲ್ಲಿ ಭಿನ್ನ ಭಿನ್ನ ವಂಶಗಳಿವೆಯೆಂದೂ, ಅವುಗಳಲ್ಲಿ ಒಂದು ವಂಶವು ಬಹುದೂರ ಹಬ್ಬಿದೆಯೆಂದೂ ತಿಳಿದುಬಂದಿತು. ಶತ್ರುವಿನ ಸಂಖ್ಯೆಯನ್ನೂ ಜಾತಿಯನ್ನೂ ತಿಳಿಯದೆ ಕೋಟೆ ಕಟ್ಟಲಾಗದಷ್ಟೆ.

ಮುಂದಿನ ಪ್ರಶ್ನೆಯು ರೋಗಾಣುವು ಗಿಡವನ್ನು ಹೇಗೆ ಗೆಲ್ಲುತ್ತದೆ ಎಂಬುದು. ಗಿಡದ ಪ್ರತಿಯೊಂದು ಜೀವಕೋಶಕ್ಕೂ ಗಟ್ಟಿಯಾದ ಗೋಡೆಯಿದೆ. ದುಂಡಾಣುವು ಆ ಗೋಡೆಯನ್ನು ಕರಗಿಸುವ ಕಿಣ್ವಗಳನ್ನು ಹೊರಗೆ ಬಿಡುತ್ತದೆ. ಈ ಕಿಣ್ವಗಳನ್ನು ಹೊರಗೆ ಬಿಡಲಾರದ ದುಂಡಾಣುಗಳನ್ನು ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿ ನೋಡಿದಾಗ ಅವುಗಳಿಗೆ ರೋಗ ತರುವ ಶಕ್ತಿ ಕುಗ್ಗಿತ್ತು. ಆದರೆ ಇನ್ನೊಂದು ಸೋಜಿಗವೂ ಕಂಡಿತು. ಗೋಡೆ ಹರಿಯಿತೆಂದರೆ ಗಿಡವು ಎಚ್ಚೆತ್ತು ತನ್ನ ರಕ್ಷಣೆಯನ್ನು ಆರಂಭಿಸುತ್ತದೆ. ಕಳ್ಳನು ಕನ್ನ ಕೊರೆಯುವ ಸದ್ದಿಗೆ ಮನೆಯವರು ಏಳುವಂತೆ ಇದು. ಆದರೆ ಈ ಕಳ್ಳನು ಬುದ್ಧಿವಂತ. ಬೇರೊಂದು ಮಾರ್ಗದಿಂದ ಕೆಲವು ಪ್ರೋಟೀನುಗಳನ್ನು ಗಿಡದ ಕೋಶದೊಳಕ್ಕೇ ತೂರಿಸಿ ಎದ್ದ ಮನೆಯವರನ್ನು ಮತ್ತೆ ಮಲಗಿಸಿಬಿಡುತ್ತಾನೆ. ಈ ಎರಡು ಕೈಚಳಕಗಳ ಸಂಬಂಧವನ್ನು ಡಾಕ್ಟರ್ ಸೊಂಟಿಯವರೂ ಅವರ ಶಿಷ್ಯರೂ ಹಲವು ವರ್ಷಗಳ ದುಡಿಮೆಯಿಂದ ಬಿಡಿಸಿ ತೋರಿಸಿದರು. ಜೀವಶಾಸ್ತ್ರದಲ್ಲಿನ ಸೇವೆಗಾಗಿ ಅವರಿಗೆ 2004ರ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯು ದೊರೆಯಿತು. ಮುಂದೆ ಅವರು ನವದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿಯೂ ಕೆಲಸ ಮಾಡಿದರು.

ವಿದ್ಯೆಯು ಇಲ್ಲಿಗೇ ನಿಂತಿದ್ದರೆ ರೈತನು ಅದನ್ನು ದೂರದಿಂದ ಗೌರವಿಸಿ ಸುಮ್ಮನಾಗಬಹುದಾಗಿತ್ತು. ಆದರೆ ಹೈದರಾಬಾದಿನ ರಾಜೇಂದ್ರನಗರದಲ್ಲಿ ಬತ್ತ ಸಂಶೋಧನಾ ನಿರ್ದೇಶನಾಲಯವಿತ್ತು. ಈಗ ಅದು ಭಾರತೀಯ ಬತ್ತ ಸಂಶೋಧನಾ ಸಂಸ್ಥೆ. ಅಲ್ಲಿನ ಡಾಕ್ಟರ್ ಆರ್. ಎಂ. ಸುಂದರಂ ಮುಂತಾದ ತಳಿ ವಿಜ್ಞಾನಿಗಳೂ ಸೊಂಟಿಯವರ ಬಳಗವೂ ಕೈಗೂಡಿಸಿ, ಸಾಂಬಾ ಮಸೂರಿಯ ಒಳ್ಳೆಯ ಗುಣಗಳಲ್ಲಿ ಒಂದನ್ನೂ ಕೆಡಿಸದೆ ಅದಕ್ಕೆ ರೋಗ ತಡೆಯುವ ಶಕ್ತಿಯನ್ನು ಕೊಡಲು ನಿಶ್ಚಯಿಸಿದರು.

ಇದಕ್ಕೆ ಆರಿಸಿದ ವಂಶವಾಹಿಗಳು ಮೂರು. ಎಕ್ಸ್‌ಎ 21 ಎಂಬುದು ಆಫ್ರಿಕದ ಕಾಡುಬತ್ತದಿಂದ ಬಂದುದು; ಅದು ಮೇಲೆ ಹೇಳಿದ 11ನೆಯ ವರ್ಣತಂತುವಿನಲ್ಲಿದೆ. ಅದರ ಬರಹವನ್ನು 1995ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪಮೇಲಾ ರೊನಾಲ್ಡ್ ಅವರ ಬಳಗದವರು ಬಿಡಿಸಿದರು. ಇದು ಕೋಶದ ಬಾಗಿಲಲ್ಲಿ ನಿಂತು ರೋಗಾಣುವನ್ನು ಗುರುತು ಹಿಡಿಯುವ ಕಾವಲುಗಾರನಂತೆ ಕೆಲಸ ಮಾಡುತ್ತದೆ. ಎಕ್ಸ್‌ಎ 13 ಎಂಬುದರ ರೀತಿ ಬೇರೆ. ರೋಗಾಣುವು ಗಿಡದ ಸಕ್ಕರೆಯ ಕಿಂಡಿಯನ್ನು ತನ್ನ ಬೀಗದ ಕೈಯಿಂದ ತೆರೆದು ತಿನ್ನುತ್ತದೆ. ಎಕ್ಸ್‌ಎ 13 ಇರುವ ಗಿಡದಲ್ಲಿ ಆ ಬೀಗದ ರಂಧ್ರವೇ ಬದಲಾಗಿರುವುದರಿಂದ ಕೈ ಹೊಂದದೆ ರೋಗಾಣು ಉಪವಾಸ ಬೀಳುತ್ತದೆ. ಎಕ್ಸ್‌ಎ 5 ಇದ್ದರೆ, ರೋಗಾಣುವು ತನ್ನ ಕೆಲಸಕ್ಕೆ ದುಡಿಸಿಕೊಳ್ಳುವ ಗಿಡದ ಯಂತ್ರದ ಒಂದು ಭಾಗವು ಅದಕ್ಕೆ ಸಹಕರಿಸದು. ಇವುಗಳಲ್ಲಿ ಒಂದೊಂದನ್ನು ಮಾತ್ರ ಮೀರಬಲ್ಲ ರೋಗಾಣುಗಳು ಇರುವುದರಿಂದ, ಮೂರನ್ನೂ ಒಟ್ಟಿಗೆ ಇಟ್ಟರೆ ಮೂರು ಬಾಗಿಲುಗಳನ್ನು ಒಮ್ಮೆಗೇ ಮುರಿಯುವುದು ರೋಗಾಣುವಿಗೆ ಬಹು ಕಷ್ಟವಾಗುತ್ತದೆ.

ಈ ಮೂರನ್ನೂ ಪಂಜಾಬಿನ ಶಾಸ್ತ್ರಜ್ಞರು ತಮ್ಮ ಪಿ.ಆರ್. 106 ಎಂಬ ತಳಿಗೆ ಮೊದಲೇ ಕೂಡಿಸಿದ್ದರು. ಆ ಮೂಲದ ಬತ್ತದೊಡನೆ ಸಾಂಬಾ ಮಸೂರಿಯನ್ನು ಸಂಕರಿಸಿ, ಹುಟ್ಟಿದ ಸಂತಾನವನ್ನು ಮತ್ತೆ ಮತ್ತೆ ಸಾಂಬಾ ಮಸೂರಿಯೊಡನೆಯೇ ಕೂಡಿಸಲಾಯಿತು. ಮೊದಲ ಸಂಕರದಲ್ಲಿ ಸಾಂಬಾ ಮಸೂರಿಯ ಅಂಶ ನೂರಕ್ಕೆ 50. ಒಮ್ಮೆ ಹಿಂದಿರುಗಿ ಕೂಡಿಸಿದರೆ 75. ನಾಲ್ಕು ಸಲ ಕೂಡಿಸಿದರೆ ಸರಾಸರಿ ಸುಮಾರು 97. ಆದರೆ ಇಲ್ಲೊಂದು ತೊಡಕುಂಟು. ಎಕ್ಸ್‌ಎ 5 ಮತ್ತು ಎಕ್ಸ್‌ಎ 13 ಇವೆರಡೂ ತಂದೆತಾಯಿ ಇಬ್ಬರಿಂದಲೂ ಬಂದ ಹೊರತು ಗುಣವನ್ನು ಚೆನ್ನಾಗಿ ತೋರಿಸವು. ಎಕ್ಸ್‌ಎ 21 ಒಂದೇ ಇದ್ದರೂ ಗಿಡವು ರೋಗ ತಡೆಯುವುದರಿಂದ ಉಳಿದೆರಡು ಇವೆಯೋ ಇಲ್ಲವೋ ಕಣ್ಣಿಗೆ ತಿಳಿಯದು.

ಈ ತೊಡಕನ್ನು ಬಿಡಿಸಿದುದು ಜೀನೋಮಿನ ಜ್ಞಾನ. ಪ್ರತಿಯೊಂದು ವಂಶವಾಹಿಯ ಪಕ್ಕದಲ್ಲಿಯೋ ಅದರೊಳಗೋ ಇರುವ ಡಿ.ಎನ್.ಎ. ಗುರುತನ್ನು ಸಸಿಯ ಒಂದು ಎಲೆಯ ಚೂರಿನಿಂದಲೇ ಓದಬಹುದು. ಮಸ್ಕಿಯವರಿಗೆ ಇದನ್ನು ವಿವರಿಸುವುದು ಸುಲಭ. ದೇಶದ ಅನೇಕ ಕಡೆ ದೇವಾನಾಂಪ್ರಿಯನ ಶಾಸನಗಳಿದ್ದರೂ ಆ ರಾಜನು ಯಾರೆಂಬುದಕ್ಕೆ ಸ್ಪಷ್ಟವಾದ ಗುರುತು ಬೇಕಾಗಿತ್ತು. 1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಕಂಡುಬಂದಾಗ ಉಳಿದ ಶಾಸನಗಳ ಒಡೆಯನೂ ಅವನೇ ಎಂಬುದು ಸ್ಥಿರಪಟ್ಟಿತು. ಅದೇ ರೀತಿ ಡಿ.ಎನ್.ಎ. ಗುರುತೊಂದು ಕಂಡರೆ ಅದರ ಸಂಗಡದ ವಂಶವಾಹಿಯೂ ಅಲ್ಲಿದೆಯೆಂದು ನಿರ್ಧರಿಸಬಹುದು. ಪೈರು ಬೆಳೆದು ರೋಗ ಬರುವ ತನಕ ಕಾಯಬೇಕಾಗಿಲ್ಲ.

ಹೀಗೆ ಸಿದ್ಧವಾದ ತಳಿಯೇ 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಸೂರಿ. ಇದರ ಕಾಳೂ ಅನ್ನವೂ ಮೂಲ ತಳಿಯಂತೆಯೇ. ಇಳುವರಿಯಲ್ಲಿ ಕೊರತೆಯಿಲ್ಲ, ರೋಗ ಬಂದ ವರ್ಷದಲ್ಲಿ ಮೂಲ ತಳಿಗಿಂತ ಮೇಲು. ಕೊಯಿಲಿಗೆ ಕೆಲವು ದಿನ ಮೊದಲೇ ಬರುತ್ತದೆ. ಕಾಲುವೆಯ ಕೊನೆಯ ಭಾಗದವರು ನೀರಿಗಾಗಿ ಕಾದು ಕುಳಿತಿರುವ ಈ ಸೀಮೆಯಲ್ಲಿ ಕೆಲವು ದಿನಗಳ ನೀರು ಉಳಿಯುವುದೂ ಸಣ್ಣ ಲಾಭವಲ್ಲ.

ಈ ತಳಿಯ ವಿಷಯದಲ್ಲಿ ಸಾಮಾನ್ಯವಾಗಿ ಏಳಬಹುದಾದ ಆಕ್ಷೇಪಣೆಗಳಿಗೆ ಉತ್ತರ ಹೇಳುವುದು ಅವಶ್ಯ. ಇದು ಬಿ.ಟಿ. ಹತ್ತಿಯಂತೆ ಕುಲಾಂತರಿಯೇ ಎಂಬುದು ಒಂದು. ಅಲ್ಲ. ಬತ್ತಕ್ಕೆ ಬತ್ತವನ್ನೇ ಹೂವಿನಲ್ಲಿ ಸಂಕರಿಸಿದ್ದೇ ಹೊರತು ಹೊರಗಿನ ಜೀವಿಯ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಇದಕ್ಕೆ ತುರುಕಿಲ್ಲ. ಪ್ರಯೋಗಶಾಲೆಯ ಕೆಲಸವೆಲ್ಲ ಸರಿಯಾದ ಸಸಿಯನ್ನು ಆರಿಸುವುದಕ್ಕೆ ಮಾತ್ರ. ರೋಗ ಬಾರದ ವರ್ಷ ಇದರಿಂದ ಏನು ಪ್ರಯೋಜನ ಎಂಬುದು ಎರಡನೆಯದು. ರೋಗ ಬಾರದ ವರ್ಷ ನಷ್ಟವೇನೂ ಇಲ್ಲ, ಬಂದ ವರ್ಷ ಮನೆ ಉಳಿಯುತ್ತದೆ ಎಂಬುದೇ ಇದರ ಉತ್ತರ. ಎಲ್ಲ ರೋಗಗಳಿಗೂ ಇದೊಂದೇ ಸಾಕೇ ಎಂಬುದು ಮೂರನೆಯದು. ಸಾಲದು. ಈ ಮೂರು ವಂಶವಾಹಿಗಳು ದುಂಡಾಣು ಅಂಗಮಾರಿಯನ್ನು ಮಾತ್ರ ತಡೆಯುತ್ತವೆ. ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ಬೇರೆ ಎಚ್ಚರಿಕೆ ಬೇಕೇಬೇಕು. ಇದನ್ನು ಮುಚ್ಚಿಟ್ಟು ಬೀಜವನ್ನು ಹೊಗಳುವುದು ರೈತನಿಗೆ ಮಾಡುವ ಅಪಕಾರ.

ಇನ್ನು ಗ್ರಾಮದ ಹಿರಿಯರೂ ಜಮೀನುದಾರರೂ ಯೋಚಿಸತಕ್ಕ ಮುಖ್ಯ ಸಂಗತಿಗೆ ಬರಬೇಕು. ಈ ಸೀಮೆಯಲ್ಲಿ ಬಹಳ ಜಮೀನನ್ನು ಒಡೆಯರೇ ಉಳುವುದಿಲ್ಲ. ಪಾಲಿಗೋ ಗುತ್ತಿಗೆಗೋ ಹಿಡಿದವರು ಬೆಳೆಯುತ್ತಾರೆ. ಗೊತ್ತಾದ ಗುತ್ತಿಗೆಯನ್ನು ಪಡೆಯುವ ಒಡೆಯನಿಗೆ ರೋಗ ಬಂದರೂ ಬಾರದಿದ್ದರೂ ಚೀಲಗಳ ಲೆಕ್ಕ ಒಂದೇ ಎಂದು ತೋರುತ್ತದೆ. ಬೀಜ, ಗೊಬ್ಬರ, ಔಷಧ, ಕೂಲಿ ಇವುಗಳ ಸಾಲವೆಲ್ಲ ಬೆಳೆಯುವವನ ತಲೆಯ ಮೇಲೆ. ಸಾಲದ ಅಂಗಡಿಯವನು ಕೊಟ್ಟ ಬೀಜವನ್ನೇ ಬಿತ್ತಿ, ಅವನು ಕೊಟ್ಟ ಔಷಧವನ್ನೇ ಸಿಂಪಡಿಸುವ ಸ್ಥಿತಿಯಲ್ಲಿರುವವನು ಹೊಸ ತಳಿಯ ಪರೀಕ್ಷೆಗೆ ಧೈರ್ಯ ಮಾಡುವುದು ಹೇಗೆ? ಒಂದು ಬೆಳೆ ಕೈಕೊಟ್ಟರೆ ಅವನು ಊರು ಬಿಡಬೇಕಾದೀತು. ಧೈರ್ಯ ಮಾಡತಕ್ಕವರು ಒಂದು ಬೆಳೆಯ ಏರುಪೇರನ್ನು ತಾಳಬಲ್ಲ ಜಮೀನುದಾರರು. ಹೊಸದರ ಅಪಾಯವನ್ನು ಬಡವನ ಮೇಲೆ ಹೊರಿಸಿ, ಅದು ಗೆದ್ದ ಮೇಲೆ ತಾವು ಹಿಂಬಾಲಿಸುವುದು ಹಿರಿತನಕ್ಕೆ ಶೋಭಿಸದು. ಬೆಳೆಯುವವನು ಪದೇ ಪದೇ ನಷ್ಟಪಟ್ಟರೆ ಗುತ್ತಿಗೆಯೂ ನಿಲ್ಲುವುದೆಂಬುದನ್ನು ಸ್ವಹಿತದ ದೃಷ್ಟಿಯಿಂದಲೂ ನೆನೆಯಬೇಕು.

ಆದುದರಿಂದ ಮೊದಲನೆಯದಾಗಿ, ಅಂಗಮಾರಿಯು ಮತ್ತೆ ಮತ್ತೆ ಕಾಣಿಸಿಕೊಳ್ಳುವ ಪ್ರತಿಯೊಂದು ಊರಿನಲ್ಲಿಯೂ ಒಬ್ಬಿಬ್ಬರು ಜಮೀನುದಾರರು ತಮ್ಮ ಸ್ವಂತ ನೆಲದಲ್ಲಿ ಹತ್ತು ಗುಂಟೆಯಿಂದ ಒಂದು ಎಕರೆಯ ತನಕ ಈ ತಳಿಯನ್ನು ಬಿ.ಪಿ.ಟಿ.ಯ ಪಕ್ಕದಲ್ಲಿಯೇ ಬೆಳೆಸಿ ನೋಡತಕ್ಕದ್ದು. ನಾಟಿಯ ದಿನ, ಗೊಬ್ಬರ, ನೀರು ಎರಡಕ್ಕೂ ಒಂದೇ ಆಗಿರಬೇಕು. ರಾಶಿಯನ್ನು ಬೇರೆಬೇರೆ ತೂಗಬೇಕು. ಔಷಧದ ಖರ್ಚನ್ನು ಬರೆದಿಡಬೇಕು. ಬೀಜವನ್ನು ಧಡೇಸೂಗೂರು ಅಥವಾ ಗಂಗಾವತಿಯ ಸಂಶೋಧನಾ ಕೇಂದ್ರದವರನ್ನೂ ರೈತ ಸಂಪರ್ಕ ಕೇಂದ್ರದವರನ್ನೂ ವಿಚಾರಿಸಿ, ಪ್ರಮಾಣೀಕರಿಸಿದ ಚೀಟಿಯಿರುವುದನ್ನೇ ತರಬೇಕು. ಹೆಸರು ಮಾತ್ರ ಹೊತ್ತ ಬಿಡಿ ಬೀಜವನ್ನು ತಂದು, ರೋಗ ಬಂದಾಗ ವಿಜ್ಞಾನವನ್ನು ದೂರುವುದು ನ್ಯಾಯವಲ್ಲ.

ಎರಡನೆಯದಾಗಿ, ಬೀಜದ ಶುದ್ಧಿಯನ್ನು ಕಾಪಾಡಬೇಕು. ಬತ್ತವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳುಗಟ್ಟುವ ಪೈರು. ಆದುದರಿಂದ ಎಚ್ಚರವಿದ್ದರೆ ರೈತನೇ ಕೆಲವು ವರ್ಷ ಬೀಜವನ್ನು ಉಳಿಸಿಕೊಳ್ಳಬಹುದು, ಪ್ರತಿವರ್ಷ ಕೊಳ್ಳಬೇಕಾಗಿಲ್ಲ. ಆದರೆ ಎರಡು ತಳಿಗಳು ನೋಟಕ್ಕೆ ಒಂದೇ ತೆರನಾಗಿರುವುದರಿಂದ ಬೆರಕೆಯಾದರೆ ಕಣ್ಣಿಗೆ ತಿಳಿಯದು. ಇಂದಿನ ದಿನ ಬೆರಕೆಗೆ ದೊಡ್ಡ ಕಾರಣ ಕಟಾವು ಯಂತ್ರ. ಒಂದು ಹೊಲದ ಕಾಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅದು ಇನ್ನೊಂದು ಹೊಲಕ್ಕೆ ಬರುತ್ತದೆ. ಬೀಜಕ್ಕೆಂದು ಮೀಸಲಾದ ಮಡಿಯನ್ನು ಕೈಯಿಂದಲೇ ಕೊಯಿಸಿ, ಬೇರೆ ಕಣದಲ್ಲಿ ಬಡಿಸಿ, ಹೊಸ ಚೀಲಗಳಲ್ಲಿ ತುಂಬಿಡುವುದು ಉತ್ತಮ.

ಮೂರನೆಯದಾಗಿ, ಬೀಜ ಒಳ್ಳೆಯದಾಯಿತೆಂದು ಬೇಸಾಯವನ್ನು ಸಡಿಲಬಿಡಬಾರದು. ಯೂರಿಯಾ ಮಿತಿಮೀರಿದಲ್ಲಿ ಅಂಗಮಾರಿ ಹೆಚ್ಚುವುದು ಎಲ್ಲ ಕಡೆಯ ಅನುಭವ. ಅದನ್ನು ಕಂತುಕಂತಾಗಿ ಕೊಟ್ಟು, ರೋಗ ಕಂಡ ಕೂಡಲೆ ಮೇಲುಗೊಬ್ಬರವನ್ನು ನಿಲ್ಲಿಸಿ, ಮಡಿಯ ನೀರನ್ನು ಬಸಿಯಬೇಕು. ನಾಟಿಯ ವೇಳೆ ಉದ್ದವಾದ ಸಸಿಯ ತುದಿಯನ್ನು ಕತ್ತರಿಸುವ ಅಭ್ಯಾಸವಿರುವಲ್ಲಿ ಅದನ್ನು ಬಿಡಬೇಕು. ಆ ಗಾಯವೇ ರೋಗಾಣುವಿಗೆ ಹೆಬ್ಬಾಗಿಲು. ರೋಗವಿರುವ ಮಡಿಯ ನೀರನ್ನು ನೆರೆಯವನ ಮಡಿಗೆ ಬಿಡಬಾರದು. ಗಾಳಿಮಳೆಯಿಂದಲೂ ಹರಿಯುವ ನೀರಿನಿಂದಲೂ ಹಬ್ಬುವ ಈ ರೋಗಕ್ಕೆ ಬದುವೆಂಬುದು ಲೆಕ್ಕಕ್ಕಿಲ್ಲ. ಹೀಗಾಗಿ ಒಬ್ಬೊಬ್ಬರೇ ಮಾಡುವುದಕ್ಕಿಂತ ಒಂದು ಉಪಕಾಲುವೆಯ ಕೆಳಗಿನವರೆಲ್ಲ ಸೇರಿ ಮಾತಾಡಿಕೊಂಡು ಮಾಡಿದರೆ ಫಲ ಹೆಚ್ಚು. ಆ ಮಾತನ್ನು ಆಡಿಸತಕ್ಕವರು ಊರಿನ ಹಿರಿಯರು.

ನಾಲ್ಕನೆಯದಾಗಿ, ಗಿರಣಿಯವರನ್ನೂ ಅಡತಿ ವ್ಯಾಪಾರಿಗಳನ್ನೂ ಮುಂಚಿತವಾಗಿಯೇ ಕಂಡು, ಕಾಳನ್ನು ತೋರಿಸಿ, ಅನ್ನ ಮಾಡಿಸಿ ಉಣ್ಣಿಸಿ, ಬಿ.ಪಿ.ಟಿ.ಯ ದರಕ್ಕೇ ಕೊಳ್ಳುವ ಮಾತನ್ನು ಪಡೆಯಬೇಕು. ಹೊಸ ಹೆಸರಿಗೆ ದರ ಇಳಿಸುವುದು ವ್ಯಾಪಾರದಲ್ಲಿ ಸಹಜ. ಹತ್ತು ಚೀಲದವನ ಮಾತು ಅಲ್ಲಿ ನಡೆಯದು, ಸಾವಿರ ಚೀಲದವನ ಮಾತು ನಡೆಯುತ್ತದೆ.

ಐದನೆಯದಾಗಿ, ಈ ತಳಿಯಲ್ಲಿಯೇ ಅಂಗಮಾರಿ ಕಂಡುಬಂದರೆ ಅದನ್ನು ಮುಚ್ಚಿಡದೆ ಆ ಎಲೆಗಳನ್ನು ಸಂಶೋಧನಾ ಕೇಂದ್ರಕ್ಕೆ ಒಪ್ಪಿಸಬೇಕು. ದುಂಡಾಣುವು ಬದಲಾಗುವ ಜೀವಿಯೆಂದು ಮೇಲೆ ಹೇಳಿದೆ. ಮೂರು ಬಾಗಿಲನ್ನೂ ಮುರಿಯುವ ವಂಶವೊಂದು ಎಂದಾದರೂ ಹುಟ್ಟಿದರೆ ಅದನ್ನು ಮೊದಲು ಕಾಣುವವನು ಹೊಲದಲ್ಲಿರುವ ರೈತನೇ ಹೊರತು ಪ್ರಯೋಗಶಾಲೆಯಲ್ಲಿರುವ ಶಾಸ್ತ್ರಜ್ಞನಲ್ಲ. ರೈತನು ತಿಳಿಸಿದರೆ ಮಾತ್ರ ನಾಲ್ಕನೆಯ ಬಾಗಿಲನ್ನು ಕಟ್ಟಲು ಶಾಸ್ತ್ರಜ್ಞನಿಗೆ ಸಮಯ ಸಿಗುತ್ತದೆ.

ಲಿಂಗಸುಗೂರಿನ ಮತ್ತು ಮಸ್ಕಿಯ ಮಳೆಯಾಶ್ರಯದ ರೈತರು ಇದು ನೀರಾವರಿಯವರ ಮಾತೆಂದು ಬದಿಗಿಡಬಾರದು. ತೊಗರಿಯ ಜೀನೋಮನ್ನೂ ಹೈದರಾಬಾದಿನ ಹತ್ತಿರದ ಪಟಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆಯ ಮುಂದಾಳುತನದಲ್ಲಿ ಓದಿ 2011ರಲ್ಲಿ ಪ್ರಕಟಿಸಲಾಗಿದೆ. ನೆಟೆ ರೋಗಕ್ಕೂ ಗೊಡ್ಡು ರೋಗಕ್ಕೂ ಸಿಂಪರಣೆಯಿಂದ ಪರಿಹಾರವಿಲ್ಲದ ತೊಗರಿಗೆ ಬೀಜದ ರಕ್ಷಣೆಯೇ ಮುಖ್ಯ. ನೆಟೆ ರೋಗವನ್ನು ತಡೆಯುವ ಟಿ.ಎಸ್. 3 ಆರ್ ತಳಿಯು ಈ ಭಾಗದ ರೈತರಿಗೆ ಪರಿಚಿತವೇ ಆಗಿದೆ. ಬತ್ತದಲ್ಲಿ ಕಲಿತ ಬೀಜಶುದ್ಧಿಯ ಶಿಸ್ತು ತೊಗರಿಯಲ್ಲಿಯೂ ನೆರವಿಗೆ ಬರುತ್ತದೆ.

ಆಹಾರವಿಲ್ಲದ ದುಂಡಾಣುವು ಏನು ಮಾಡುತ್ತದೆಂದು ಒಬ್ಬ ವಿದ್ಯಾರ್ಥಿಯು ಕೇಳಿದ ಪ್ರಶ್ನೆಯ ಉತ್ತರ ಪ್ರಕಟವಾದುದಕ್ಕೂ, ಅದೇ ವಿದ್ಯೆಯ ದಾರಿಯಲ್ಲಿ ಬತ್ತದ ಬೀಜವೊಂದು ರೈತನ ಕೈಗೆ ಬಂದುದಕ್ಕೂ ನಡುವೆ 19 ವರ್ಷಗಳು ಸಂದವು. ಶಾಸ್ತ್ರಜ್ಞರ ಪಾಲಿನ ಕೆಲಸವು ಇಷ್ಟರಮಟ್ಟಿಗೆ ಮುಗಿದಿದೆ. ಚೀಲದೊಳಗಿರುವ ಬೀಜವು ಯಾವ ರೋಗವನ್ನೂ ತಡೆಯದು. ಅದು ಸಸಿಮಡಿಗೆ ಇಳಿಯಬೇಕು. ಬರುವ ಮುಂಗಾರಿನ ಸಸಿಮಡಿಗೆ ಮೊದಲು ಪ್ರತಿಯೊಂದು ಊರಿನ ಹಿರಿಯರು ಒಮ್ಮೆ ಸೇರಿ, ಹೋದ ವರ್ಷ ಅಂಗಮಾರಿ ಬಿದ್ದ ಗದ್ದೆಗಳು ಯಾವುವೆಂದು ಪಟ್ಟಿ ಮಾಡಿ, ಪರೀಕ್ಷೆಗೆ ನೆಲ ಕೊಡುವವರು ಯಾರೆಂದು ನಿಶ್ಚಯಿಸಿಕೊಂಡರೆ ಉಳಿದ ಕೆಲಸವು ತಾನಾಗಿಯೇ ಸಾಗುವುದು.